ಬರೆಯದೆ ಪಾಠ ಮಾಡಿದ ಪ್ರಕರಣ

ಡಿಜಿಟಲ್ ಗ್ರಂಥಾಲಯವನ್ನು ಬಳಸಿ ಪಾಠ ಮಾಡುವುದು ಹೇಗೆ ಎಂಬುದರ ಕುರಿತು ಪ್ರತಿಯೊಬ್ಬ ಶಿಕ್ಷಕರೂ ತಿಂಗಳಿಗೊಂದು ಲೇಖನ ಬರೆಯತಕ್ಕದ್ದು ಎಂದು ನಮ್ಮ ಶಾಲೆಗೆ ಸುತ್ತೋಲೆ ಬಂತು. ಲೇಖನ ಹತ್ತು ಪುಟಕ್ಕೆ ಕಡಿಮೆಯಿರಕೂಡದು. ‘ಕ್ರಾಂತಿಕಾರಿ’ ಎಂಬ ಪದ ಪುಟಕ್ಕೆ ಒಮ್ಮೆಯಾದರೂ ಬರತಕ್ಕದ್ದು. ಪಾಠ ಮಾಡಬೇಕೆಂದು ಎಲ್ಲೂ ಹೇಳಿರಲಿಲ್ಲವಾದ್ದರಿಂದ ಯಾರೂ ಆ ತಂಟೆಗೆ ಹೋಗಲಿಲ್ಲ. ನಾನು ಶಾಲೆಯ ಗುಮಾಸ್ತ. ಲೇಖನಗಳಿಗೆ ಮೊಹರು ಒತ್ತುವುದು ನನ್ನ ಪಾಲಿಗೆ ಬಂದ ಕೆಲಸ.

ಗಣಿತದ ಮೇಷ್ಟ್ರು ಮೂರೇ ತಿಂಗಳಲ್ಲಿ ದೊಡ್ಡ ಲೇಖಕರೆಂದು ಹೆಸರಾದರು. ಗ್ರಂಥಾಲಯದ ಪಾಸ್‌ವರ್ಡ್ ದುರುಪಯೋಗವಾಗದಿರಲೆಂದು ಹೆಡ್‌ಮಾಸ್ಟರು ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಮೇಷ್ಟ್ರು ಒಂದು ದಿನವೂ ಅದನ್ನು ಕೇಳಿದವರಲ್ಲ. “ಒಳಗೇನಿದೆ ಅಂತ ನೋಡಿಬಿಟ್ರೆ ಬರೆಯೋ ಓಘ ಕೆಡುತ್ತೆ” ಅನ್ನುತ್ತಿದ್ದರು.

ಎಡವಟ್ಟು ಮಾಡಿಕೊಂಡವರು ಭೂಗೋಳದ ಟೀಚರು. ಪಾಸ್‌ವರ್ಡ್ ಕೇಳಿ ಪಡೆದು, ಏಳನೇ ತರಗತಿಗೆ ಊರಿನ ಹಳೇ ನಕ್ಷೆ ತೆಗೆದು ತೋರಿಸಿದರು. ಮಕ್ಕಳು ಅದರಲ್ಲಿ ತಮ್ಮ ಶಾಲೆ ಹುಡುಕಿದರೆ ಆ ಜಾಗದಲ್ಲಿ ಕೆರೆ ಇತ್ತು. ಜೋರು ಮಳೆ ಬಂದಾಗಲೆಲ್ಲ ಬೆಂಚಿನ ಕೆಳಗೆ ನೀರು ಯಾಕೆ ನಿಲ್ಲುತ್ತದೆಂದು ಅವಕ್ಕೆ ಆ ಮಧ್ಯಾಹ್ನ ತಿಳಿಯಿತು. ಹಗ್ಗ ಹಿಡಿದು ಮೈದಾನವನ್ನೆಲ್ಲ ಅಳೆದವು. ಗಂಟೆ ಹೊಡೆದರೂ ಮನೆಗೆ ಹೋಗಲೊಲ್ಲವು. ಈ ಗಲಾಟೆಯಲ್ಲಿ ಟೀಚರಿಗೆ ಲೇಖನ ಬರೆಯಲು ಪುರುಸೊತ್ತಾಗಲಿಲ್ಲ.

ನೋಟಿಸು ಹೋಯಿತು. ವಿಚಾರಣೆಗೆ ಶಾಲಾ ಇನ್‌ಸ್ಪೆಕ್ಟರು ಬಂದರು.

“ಪಾಠ ಮಾಡಿದ್ದು ನಿಜವೇನಮ್ಮ?”

“ಹೌದು ಸಾರ್.”

“ಅದಕ್ಕೆ ಪುರಾವೆ?”

“ಮಕ್ಕಳನ್ನ ಕೇಳಿ ಸಾರ್. ಕೆರೆ ಎಲ್ಲಿಂದ ಎಲ್ಲಿವರೆಗೆ ಇತ್ತು ಅಂತ ನಡೆದು ತೋರಿಸ್ತಾರೆ.”

“ಮಕ್ಕಳನ್ನ ಫೈಲಿಗೆ ಹಾಕೋಕಾಗುತ್ತಾ ತಾಯಿ?” ಎಂದರು ಇನ್‌ಸ್ಪೆಕ್ಟರು. ಗದರಿಸಲಿಲ್ಲ, ಒಳ್ಳೆಯ ಮನುಷ್ಯರು. ಒಂದು ವಾರ ಗಡುವು ಕೊಟ್ಟರು. ಅಷ್ಟರೊಳಗೆ ಲೇಖನ ಬಾರದಿದ್ದರೆ ಏಳನೇ ತರಗತಿಯನ್ನು ಗಣಿತದ ಮೇಷ್ಟ್ರಿಗೆ ವಹಿಸುವುದೆಂದು ತೀರ್ಮಾನವಾಯಿತು.

ಆ ತರಗತಿಯೆಂದರೆ ಟೀಚರಿಗೆ ಜೀವ. ಕೂತು, ನಡೆದದ್ದನ್ನು ನಡೆದಂತೆ ಬರೆದರು. ಎರಡು ಪುಟವಾಯಿತು. ಅದು ಇನ್‌ಸ್ಪೆಕ್ಟರ ಕಚೇರಿಯಿಂದ ವಾಪಸು ಬಂತು. ‘ಮಕ್ಕಳು ಪ್ರಶ್ನೆಗಳನ್ನು ಕೇಳಿದರು’ ಎಂಬ ವಾಕ್ಯದ ಕೆಳಗೆ ಕೆಂಪು ಗೆರೆ, ಪಕ್ಕದಲ್ಲಿ ಟಿಪ್ಪಣಿ: ‘ಹಾಗಾದರೆ ಪಾಠ ಅರ್ಥವಾಗಿರಲಿಲ್ಲವೇ?’

ಸ್ಟಾಫ್ ರೂಮಿನಲ್ಲಿ ಮುಖ ಸಪ್ಪೆ ಮಾಡಿಕೊಂಡು ಕೂತಿದ್ದ ಅವರ ಪಕ್ಕ ಗಣಿತದ ಮೇಷ್ಟ್ರು ಕುರ್ಚಿ ಎಳೆದುಕೊಂಡರು. “ನೋಡು ತಂಗೀ, ಆಗಿದ್ದನ್ನ ಬರೆಯೋಕೆ ಹೋದ್ರೆ ಎರಡೇ ಪುಟ. ಆಗದೆ ಇದ್ದದ್ದನ್ನ ಬರಿ, ಕೈ ತಾನಾಗೇ ಓಡುತ್ತೆ.”

ಓಡಿತು. ಹದಿನಾಲ್ಕು ಪುಟ. ಅದರಲ್ಲಿ ಮಕ್ಕಳು ಏನನ್ನೂ ಕೇಳಲಿಲ್ಲ, ಎಲ್ಲರೂ ಮುಗುಳ್ನಕ್ಕರು. ಆ ತಿಂಗಳ ಲೇಖನಗಳಲ್ಲಿ ಮೊದಲ ಬಹುಮಾನ ಬಂತು, ತರಗತಿಯೂ ಉಳಿಯಿತು.

ಇಂಥ ಲೇಖನಗಳು ಹಾಳಾಗಬಾರದೆಂದು ಎಲ್ಲವನ್ನೂ ಡಿಜಿಟಲ್ ಗ್ರಂಥಾಲಯಕ್ಕೇ ಸೇರಿಸಲು ಆದೇಶವಾಯಿತು. ಜಾಗ ಸಾಲದ್ದರಿಂದ ಹಳೇ ನಕ್ಷೆಗಳನ್ನು ತೆಗೆದುಹಾಕಲಾಯಿತು. ಟೀಚರು ಮೆಲ್ಲಗೆ ವಿಚಾರಿಸಿದಾಗ ಇನ್‌ಸ್ಪೆಕ್ಟರು, “ನಕ್ಷೆ ಹೋದ್ರೆ ಹೋಯ್ತಮ್ಮ, ಅದನ್ನ ಹೇಗೆ ಬಳಸ್ಬೇಕು ಅನ್ನೋ ನಿಮ್ಮ ಲೇಖನ ಇದೆಯಲ್ಲ” ಎಂದು ಸಮಾಧಾನ ಹೇಳಿದರು. ನಮಗೂ ಅದು ಸರಿಯೆನಿಸಿತು.

ಮೊನ್ನೆ ನಾನು ಆ ತರಗತಿಗೆ ಹೋದಾಗ ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತು ಕೇಳುತ್ತಿದ್ದಳು: “ಟೀಚರ್, ಇವತ್ತು ಪಾಠಾನಾ, ಲೇಖನಾನಾ?”

“ಲೇಖನ ಕಣಮ್ಮ. ನಾಳೆ ಕಡೇ ದಿನ.”

“ಸರಿ ಟೀಚರ್, ನೀವು ಬರೀರಿ. ನಾವು ಗಲಾಟೆ ಮಾಡಲ್ಲ.”

ಮಾಡಲೂ ಇಲ್ಲ. ಡಿಜಿಟಲ್ ಗ್ರಂಥಾಲಯ ಬಂದ ಮೇಲೆ ಮಕ್ಕಳಲ್ಲಿ ಶಿಸ್ತು ಹೆಚ್ಚಿದೆ ಎಂದು ಹೆಡ್‌ಮಾಸ್ಟರು ಬಾಗಿಲಲ್ಲೇ ನಿಂತು ಬರೆದುಕೊಂಡರು.