ಅರವತ್ತನಾಲ್ಕು ಬಟನ್ನಿನ ರಾಜಫೋನು

ಬಹಳ ಹಿಂದೆ, ಅಂದರೆ ಇಂಟರ್ನೆಟ್ ಬಂದು ಸುಮಾರು ದಿನವಾದ ಮೇಲೆ, ಶಂಖಾವತಿ ಎಂಬ ರಾಜ್ಯವಿತ್ತು. ಅದನ್ನು ಗಂಭೀರಸೇನ ಮಹಾರಾಜರು ಆಳುತ್ತಿದ್ದರು. ಹಾಗೆಂದು ಆಸ್ಥಾನದ ಪತ್ರಿಕಾ ಪ್ರಕಟಣೆಯಲ್ಲಿದೆ. ನಾನು ನಂಬಿದ್ದೇನೆ, ನೀವೂ ನಂಬಿ.

ಒಂದು ಶುಭದಿನ ಪ್ರಭುಗಳು ಡಿಜಿಟಲ್ ಆಗಲು ಮನಸ್ಸು ಮಾಡಿದರು. ಇನ್ನು ಮುಂದೆ ಅರ್ಜಿ, ಅಹವಾಲು, ಅಪ್ಪಣೆ ಎಲ್ಲವೂ ಇಂಟರ್ನೆಟ್ಟಿನಲ್ಲಿ ಮಾತಾಡುವ ಮೇಜಿನ ಫೋನಿನ ಮೂಲಕವೇ ಆಗತಕ್ಕದ್ದು, ಎದುರು ನಿಂತು ಬಾಯಿಯಲ್ಲಿ ಹೇಳಿದ್ದು ಅಸಿಂಧು ಎಂದು ಡಂಗುರ ಹೊಡೆಸಿದರು. ಡಂಗುರವೂ ಬಾಯಿಮಾತೇ ಅಲ್ಲವೇ ಎಂದು ಯಾರೂ ಕೇಳಲಿಲ್ಲ. ಕೇಳಬೇಕಾದರೂ ಬಾಯಿಯಲ್ಲೇ ಕೇಳಬೇಕಿತ್ತಲ್ಲ.

ಫೋನು ಆರಿಸುವ ಹೊಣೆ ಸಂಪರ್ಕ ಮಂತ್ರಿ ಸ್ತುತಿಪಾಲರಿಗೆ ಬಿತ್ತು. ಅರಮನೆಯ ತಂತಿ ಕೆಲಸದ ಚೆನ್ನಾಜಮ್ಮ ಕೇಳಿದಳು: "ಸ್ವಾಮಿ, ಕರೆಂಟ್ ಹೋದ್ರೆ ಇದು ನಡೀತದಾ? ಮಾತು ತುಂಡು ತುಂಡಾಗ್ದೆ ಕೇಳ್ತದಾ? ಎರಡು ದಿನ ಇಟ್ಕೊಂಡು ನೋಡಿ ತಗೊಳ್ಳಾನ."

"ಅದೆಲ್ಲ ಆಮೇಲೆ ತಾಯಿ. ಬಟನ್ ಎಷ್ಟಿವೆ ಹೇಳು."

ಬಟನ್ನಿನ ಲೆಕ್ಕದಲ್ಲೇ ಪದವಿ ಎಂದು ತೀರ್ಮಾನವಾಯಿತು. ಮಹಾರಾಜರ ಫೋನಿಗೆ ಅರವತ್ತನಾಲ್ಕು, ಮಂತ್ರಿಗಳಿಗೆ ಮೂವತ್ತೆರಡು, ಅಮಲ್ದಾರರಿಗೆ ಹದಿನಾರು. ಊರೂರಿನ ಕೆರೆ ಕಾಯುವ ನೀರುಗಂಟಿಗಳಿಗೆ ನಾಲ್ಕೇ ನಾಲ್ಕು: ಒಂದು, ಎರಡು, ಮೂರು, ನಾಲ್ಕು. ಇನ್ನು ಮಹಾರಾಜರ ನಂಬರು ಅವರ ಘನತೆಗೆ ತಕ್ಕಂತೆ ಒಂಬತ್ತು. ಅದಕ್ಕಿಂತ ದೊಡ್ಡ ಅಂಕಿ ಎಲ್ಲಿದೆ?

ತಿಂಗಳಾದರೂ ರಾಜಫೋನು ಒಮ್ಮೆಯೂ ರಿಂಗಾಗಲಿಲ್ಲ. ಮಂತ್ರಿಗಳು ಪಕ್ಕದಲ್ಲೇ ಕೂತಿರುತ್ತಿದ್ದರು. ಅಮಲ್ದಾರರಿಗೆ ಧೈರ್ಯ ಸಾಲದು. ಪ್ರಭುಗಳಿಗೆ ಊಟ ಸೇರದಾಯಿತು.

"ನಮ್ಮ ಫೋನ್ ಯಾಕ್ರೀ ಬಾಯಿ ಬಿಡ್ತಿಲ್ಲ?"

"ಮಹಾಪ್ರಭು, ತಮ್ಮ ಆಳ್ವಿಕೆಯಲ್ಲಿ ಪ್ರಜೆಗಳಿಗೆ ಕಷ್ಟವೇ ಇಲ್ಲ. ಇದು ಸುಭಿಕ್ಷದ ಮೌನ!" ಎಂದರು ಸ್ತುತಿಪಾಲರು.

ಆದರೂ ಒಂದು ಉನ್ನತ ಮಟ್ಟದ ರಿಪೇರಿ ಸಮಿತಿ ಕೂತಿತು. ಫೋನನ್ನು ಏಳು ಸಲ ಆಫ್ ಮಾಡಿ ಆನ್ ಮಾಡಿದರು. ವೈರು ಬದಲಿಸಿದರು. ರೂಟರಿಗೆ ಹೂವು ಮುಡಿಸಿ ನಿಂಬೆಹಣ್ಣು ಕಟ್ಟಿದರು. ಚೆನ್ನಾಜಮ್ಮ ತಡೆಯಲಾರದೆ, "ಅಯ್ಯೋ ಶಿವನೇ, ಫೋನ್ ನೆಟ್ಟಗೈತೆ! ಜನಕ್ಕೆ ಕೊಟ್ಟಿರೋದ್ರಲ್ಲಿ ಒಂಬತ್ತೇ ಇಲ್ವಲ್ಲ!" ಎಂದಳು. ತಾಂತ್ರಿಕ ವಿಷಯದಲ್ಲಿ ತಂತಿಯವರು ತಲೆಹಾಕತಕ್ಕದ್ದಲ್ಲ ಎಂದು ಸಮಿತಿ ದಾಖಲಿಸಿತು.

ಅತ್ತ ಏಳುಕಲ್ಲು ಕೆರೆಯಲ್ಲಿ ಮೂರು ದಿನದ ಮಳೆಗೆ ನೀರು ಕಟ್ಟೆಯ ನೆತ್ತಿಗೆ ಬಂದಿತ್ತು. ಕಟ್ಟೆಯಲ್ಲಿ ಕೈ ತೂರುವಷ್ಟು ಬಿರುಕು. ಕೆಳಗೆ ನಲವತ್ತು ಮನೆ. ನೀರು ಹೊರಬಿಡುವ ತೂಬಿಗೆ ಅರಮನೆಯ ಬೀಗ. ಅಪ್ಪಣೆಯಿಲ್ಲದೆ ಮುಟ್ಟಿದರೆ ಸೆರೆ. ನೀರುಗಂಟಿ ಹೊನ್ನೂರಪ್ಪ ಫೋನಿದ್ದ ದಿಬ್ಬದ ಮೇಲಿನ ಚಾವಡಿಗೆ ಓಡಿ, ಕೂಡಿದರೆ ಒಂಬತ್ತಾಗುತ್ತದಲ್ಲ ಎಂದು ನಾಲ್ಕು, ನಾಲ್ಕು, ಒಂದು ಒತ್ತಿದ. ಕರೆ ಕುದುರೆ ಲಾಯಕ್ಕೆ ಹೋಯಿತು. ಊರವರನ್ನೆಲ್ಲ ಗುಡ್ಡ ಹತ್ತಿಸಿ, ಅವನು ಅರಮನೆಗೇ ಓಡಿದ.

"ಮಾಸ್ವಾಮಿ, ಕಟ್ಟೆ ಬಿರುಕು ಬಿಟ್ಟೈತೆ. ತೂಬು ಎತ್ತಾಕೆ ಅಪ್ಪಣೆ ಕೊಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ!"

"ಹಾಗೆಲ್ಲ ಬಾಯಲ್ಲಿ ಹೇಳಬಾರದಪ್ಪ. ಫೋನ್ ಮಾಡು," ಎಂದರು ಮಹಾರಾಜರು, ಬಹಳ ಪ್ರೀತಿಯಿಂದ.

"ನನ್ನ ಫೋನಾಗೆ ನಿಮ್ಮ ಒಂಬತ್ತೇ ಇಲ್ರಪ್ಪೋ!"

ಸ್ತುತಿಪಾಲರು ಪ್ರಭುಗಳ ಕಿವಿಯಲ್ಲಿ ಉಸುರಿದರು: ನೀರುಗಂಟಿಗೆ ಬರಿದೇ ಒಂಬತ್ತರ ಬಟನ್ ಕೊಟ್ಟರೆ ಶಿಷ್ಟಾಚಾರಕ್ಕೆ ಭಂಗ, ಅಮಲ್ದಾರನಾಗಿ ಬಡ್ತಿ ಕೊಟ್ಟರೆ ಹದಿನಾರು ಬಟನ್ ತಾನಾಗಿ ಬರುತ್ತವೆ. ಬಡ್ತಿಯ ಕಡತ ಶರವೇಗದಲ್ಲಿ ಓಡಿ ಮರುದಿನ ಮಧ್ಯಾಹ್ನವೇ ಸಹಿಯಾಯಿತು. ನೂತನ ಅಮಲ್ದಾರ್ ಹೊನ್ನೂರಪ್ಪನವರು ಪೇಟ ಸುತ್ತಿಸಿಕೊಂಡು, ಹೊಸ ಫೋನನ್ನು ಕಂಕುಳಲ್ಲಿಟ್ಟುಕೊಂಡು ಊರಿಗೆ ಓಡಿದರು.

ಸಂಜೆ ಐದಕ್ಕೆ ರಾಜಫೋನು ರಿಂಗಾಯಿತು! ಆಸ್ಥಾನಕ್ಕೆ ಆಸ್ಥಾನವೇ ಜಯಘೋಷ ಮಾಡಿತು. ಮಹಾರಾಜರು ರಿಸೀವರ್ ಎತ್ತಿದರು.

"ಒಡೆದೋತು ಮಾಸ್ವಾಮಿ... ನಲವತ್ತು ಮನೀನೂ ಕೊಚ್ಕೊಂಡು ಹೋದ್ವು. ಜನ ಗುಡ್ಡದ ಮ್ಯಾಲೆ ನೆನೀತಾ ಕುಂತವ್ರೆ. ಮಕ್ಳಿಗೆ ಗಂಜಿಗೂ ಗತಿ ಇಲ್ಲ."

ಮಹಾರಾಜರ ಕಣ್ಣಲ್ಲಿ ನೀರಾಡಿತು. ರಿಸೀವರಿಗೆ ಅಂಗೈ ಮುಚ್ಚಿ, "ಎಷ್ಟು ಕ್ಲಿಯರ್ ಆಗಿದೆ ಕಣ್ರೀ! ಪಕ್ಕದಲ್ಲೇ ಕೂತು ಅತ್ತ ಹಾಗಿದೆ!" ಎಂದರು. ಮತ್ತೆ ಫೋನಿಗೆ: "ಅಮಲ್ದಾರರೇ, ಇನ್ನೊಂದ್ಸಲ ಹೇಳಿ. ಸ್ಪೀಕರಿಗೆ ಹಾಕ್ತೀವಿ."

ಸರಿಯಾಗಿ ಕೇಳಿಸಲಿಲ್ಲವೇನೋ ಎಂದುಕೊಂಡು ಹೊನ್ನೂರಪ್ಪ ಇನ್ನೊಮ್ಮೆ ಹೇಳಿದ, ಈ ಸಲ ಒಂದೊಂದು ಮನೆಯವರ ಹೆಸರು ಹಿಡಿದು. ಆಸ್ಥಾನ ಎದ್ದು ನಿಂತು ಚಪ್ಪಾಳೆ ತಟ್ಟಿತು. ಸ್ತುತಿಪಾಲರಿಗೆ ಅಲ್ಲೇ 'ನಾದಶಿರೋಮಣಿ' ಬಿರುದು ದಯಪಾಲಿಸಲಾಯಿತು.

ಗುಡ್ಡದ ಮೇಲಿನ ಜನ ದಿನಕ್ಕೆರಡು ಬಾರಿ ಫೋನ್ ಮಾಡಿ ತಮ್ಮ ಗೋಳು ಹೇಳತಕ್ಕದ್ದು, ಅದರಿಂದ ಲೈನು ಸರಿಯಿದೆಯೇ ಎಂದು ತಿಳಿಯುತ್ತದೆ ಎಂಬ ಫರ್ಮಾನು ಆ ದಿನವೇ ಹೊರಟಿತು. ಗಂಜಿ ಕೇಳುವುದಕ್ಕೆ ಬೇರೆ ನಂಬರಿದೆಯಂತೆ. ಅದನ್ನು ಇನ್ನೂ ಪ್ರಕಟಿಸಿಲ್ಲ.