ಎರಡಡಿಯ ಆಕಾಶಬುಟ್ಟಿ

ಹಿಂದಿನ ದೀಪಾವಳಿಗೆ ಸುರಪುರದಿಂದ ಬಂದಿದ್ದ ಹೆಂಡತಿಯ ಅಣ್ಣ ಅಯ್ಯಣ್ಣ, ಬಾಗಿಲಲ್ಲಿದ್ದ ಪೇಟೆಯ ಪ್ಲಾಸ್ಟಿಕ್ ಆಕಾಶಬುಟ್ಟಿಯನ್ನು ನೋಡಿ, ‘ಬಕೀಟು ಯಾಕ ತೂಗಹಾಕೀರಿ?’ ಎಂದಿದ್ದು ವಿಶ್ವರಾಧ್ಯನ ಎದೆಯಲ್ಲಿ ವರ್ಷವಿಡೀ ಮುಳ್ಳಾಗಿ ಕುಳಿತಿತ್ತು. ಶಹಾಪುರದ ಸುತ್ತಲಿನ ಕಾಲುವೆಗಳ ನಕ್ಷೆ ಬರೆದ ಮನುಷ್ಯನಿಗೆ ಒಂದು ಬುಟ್ಟಿ ಬರೆಯಲು ಬಾರದೇ? ಈ ಸಲ ಭಾವ ಬಾಯಿ ತೆರೆದು ಹೊಗಳುವಂಥದ್ದನ್ನು ತಾನೇ ನಿರ್ಮಿಸುವುದಾಗಿ ಹೆಂಡತಿ ಶಾಂಭವಿಯೆದುರು ಘೋಷಿಸಿದ.

ಮೊದಲು ಮಾದರಿ ಪರ್ವ. ಫ್ಯಾನಿನ ಡಬ್ಬಿಯ ರಟ್ಟು, ಮೈದಾ ಅಂಟು, ಶಾಂಭವಿಯ ಕತ್ತರಿ (ಕೇಳದೇ ತಂದದ್ದು). ಮೊದಲನೆಯದು ಎತ್ತಿದ ಕೂಡಲೇ ಕುಸಿಯಿತು. ಎರಡನೆಯದು ನಿಂತಿತು, ಆದರೆ ಹೊಟ್ಟೆ ಉಬ್ಬರಿಸಿದ ಕುಂಬಳಕಾಯಿಯಂತೆ. ಮೂರನೆಯದು ಆರು ದಳದ ತಾವರೆ, ಎರಡಡಿ ಎತ್ತರ. ಅಂಟು ಆರಲೆಂದು ಜೋಳದ ಡಬ್ಬಿಯ ಮೇಲೆ ಏರಿತು.

‘ಮಾದರಿ ಮಾಡೋ ಗಂಡ ಸಿಕ್ಕಾನ,’ ಎಂದಳು ಕಸ ಗುಡಿಸುತ್ತ ಶಾಂಭವಿ. ‘ಮಾದರಿ ಗಂಡ ಯಾವಾಗ ಸಿಗತಾನೋ.’

‘ಇದು ಬರೀ ರಟ್ಟು. ಖರೇದು ಕಂಪ್ಯೂಟರಿನ್ಯಾಗ ಆಗತದ ನೋಡು.’

ಕಂಪ್ಯೂಟರಿನಲ್ಲಿ ತಾವರೆ ಅರಳಿತು, ಗಿರಗಿರನೆ ತಿರುಗಿತು, ಒಳಗಿನಿಂದ ಬೆಳಗಿತು. ವಿಶ್ವರಾಧ್ಯ ಹೊಸ ಅಳಿಯನಂತೆ ಹಿಗ್ಗಿದ.

‘ಎಷ್ಟು ತಿರುವಿದ್ರೂ ಒಂದು ದಳ ಬಾಗಂಗಿಲ್ಲ.’

‘ಅದರೊಳಗ ಗಾಳಿ ಬೀಸತದೇನ್ರಿ?’

‘ಇಲ್ಲ.’

‘ಮತ್ತ ಅಲ್ಲೇ ತೂಗಹಾಕ್ರಿ. ನಮ್ಮಣ್ಣನ್ನೂ ಅಲ್ಲಿಗೇ ಕರೀರಿ.’

ಯಾದಗಿರಿಯಲ್ಲಿ ಯಂತ್ರದಿಂದ ತೆಳು ಹಲಗೆ ಕೊರೆಯುವ ಖಾಜಾಹುಸೇನನಿಗೆ ನಕ್ಷೆ ಹೋಯಿತು. ಅವನು ಫೋನ್ ಮಾಡಿದ. ‘ಸಾಹೇಬ್ರ, ಇಷ್ಟ ಸೈಜ್ ಸಾಕೇನ್ರಿ?’

‘ಇದಕ್ಕಿಂತ ದೊಡ್ಡದಾದ್ರ ಬಾಗಿಲದಾಗ ಹಿಡಿಸಂಗಿಲ್ಲಪ. ಇದ್ದಂಗ ಕೊರಿ.’

ಹಬ್ಬದ ಸಂಜೆ, ಬುಟ್ಟಿ ಜೋಡಿಸಿ ಬಸ್ಸಿಗೆ ಕೊಟ್ಟಿರುವುದಾಗಿ ಸುದ್ದಿ ಬಂತು. ವಿಶ್ವರಾಧ್ಯ ಹಗ್ಗ, ಚಾದರ, ಒಂದು ಇಡೀ ಆಟೋ ಸಮೇತ ಬಸ್ ನಿಲ್ದಾಣಕ್ಕೆ ಹೋದ. ಬಸ್ಸು ಬಂದಾಗ ಮೇಲೆ ನೋಡಿದ, ಹಿಂದಿನ ಡಿಕ್ಕಿ ನೋಡಿದ. ಕಂಡಕ್ಟರು ಅಂಗಿಯ ಕಿಸೆಗೆ ಕೈಹಾಕಿ, ಚಿಲ್ಲರೆಯ ನಡುವಿನಿಂದ ಒಂದು ಪೊಟ್ಟಣ ತೆಗೆದುಕೊಟ್ಟ.

ಒಳಗೆ ಆರು ದಳದ ತಾವರೆ. ಪರಿಪೂರ್ಣ. ಹೆಬ್ಬೆರಳಿನ ತುದಿಯಷ್ಟು. ಎತ್ತರ ಇಪ್ಪತ್ನಾಲ್ಕು ಎಂದು ಬರೆದಾಗ ವಿಶ್ವರಾಧ್ಯ ಇಂಚು ಎಂದುಕೊಂಡಿದ್ದ. ಕಂಪ್ಯೂಟರು ಮಿಲಿಮೀಟರು ಎಂದುಕೊಂಡಿತ್ತು.

‘ಚಾದರ ಹಾಸ್ಲೇನ್ರಿ?’ ಎಂದು ಆಟೋದವನು ಕೇಳಿದ.

ಮನೆಗೆ ಬಂದರೆ ಬಾಗಿಲಲ್ಲಿ ಎರಡಡಿಯ ತಾವರೆ ಬೆಳಗುತ್ತಿತ್ತು. ರಟ್ಟಿನ ಮಾದರಿಗೆ ಶಾಂಭವಿ ಹಳೆಯ ಕೆಂಪು ಸೀರೆಯ ತುಂಡು ಸುತ್ತಿ, ಒಳಗೆ ಬಲ್ಬು ಬಿಟ್ಟಿದ್ದಳು. ಕೆಳಗೆ ಅಯ್ಯಣ್ಣ ಕತ್ತೆತ್ತಿ ನಿಂತಿದ್ದ.

‘ಭಾಳ ಚೆಂದ ಮಾಡೀಯವ್ವ ತಂಗಿ. ನಿಮ್ಮ ಮನಿಯವರೂ ಏನರ ಕೈ ಹಚ್ಚ್ಯಾರೇನು?’

‘ರಟ್ಟು ಕತ್ತರಿಸಿಕೊಟ್ಟಾರ,’ ಎಂದಳು ಶಾಂಭವಿ ಧಾರಾಳವಾಗಿ.

ಊಟದ ಹೊತ್ತಿಗೆ ಪುಟ್ಟ ತಾವರೆ ಅವಳ ಕೀಲಿಗೊಂಚಲಿಗೆ ಸೇರಿತ್ತು. (ವಿಶ್ವರಾಧ್ಯನ ಕಿಸೆಯಲ್ಲಿ ಯಾವುದೂ ಬಹಳ ಹೊತ್ತು ಉಳಿಯುವುದಿಲ್ಲ.) ಅದು ಅಯ್ಯಣ್ಣನ ಕಣ್ಣಿಗೆ ಬಿತ್ತು.

‘ಇದೆಲ್ಲಿ ಸಿಕ್ಕಿತು?’

‘ಕಂಡಕ್ಟರ್ ಕೊಟ್ಟ,’ ಎಂದ ವಿಶ್ವರಾಧ್ಯ ಅವಸರದಲ್ಲಿ. ‘ಚಿಲ್ಲರಿ ಇರಲಿಲ್ಲಂತ.’

ಅಯ್ಯಣ್ಣ ಅದನ್ನು ಬೆಳಕಿಗೆ ಹಿಡಿದ. ‘ಏನ್ ಅಳತಿ, ಏನ್ ಸಾಫ್ ಕೆಲಸ. ಮಾಡಿದವ ಭಾಳ ಶಾಣ್ಯಾ ಇರಬೇಕು. ಅವನ ಹೆಸರು ಕೇಳೀರೇನು?’

ವಿಶ್ವರಾಧ್ಯ ಬಾಯಿ ತೆರೆದ. ಶಾಂಭವಿ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಿ, ಅದರ ಮೇಲೆ ತುಪ್ಪ ಸುರಿದಳು. ತೆರೆದ ಬಾಯಿಗೆ ಅದೇ ಹೋಯಿತು. ಹೋಳಿಗೆಯ ಅಳತೆಯಂತೂ ಸರಿಯಾಗಿತ್ತು.