ಒನಕೆಗೆ ಕಟ್ಟಿದ ಕ್ಯಾಮೆರಾ

ನಮ್ಮ ಚಿಕ್ಕಪ್ಪನ ಕ್ಯಾಮೆರಾಗೆ ಸಿಕ್ಕವರಲ್ಲಿ ಪೂರ್ತಿ ತಲೆ ಉಳಿಸಿಕೊಂಡವರು ತುರುವೇಕೆರೆ ಸೀಮೆಯಲ್ಲಿ ಯಾರೂ ಇಲ್ಲ! ನನ್ನ ಮದುವೆಯ ಆಲ್ಬಂನಲ್ಲಿ ನನ್ನ ಹೆಂಡತಿ ಕತ್ತಿನಿಂದ ಕೆಳಗೆ ಬಹಳ ಲಕ್ಷಣವಾಗಿದ್ದಾಳೆ. ಅಂಥ ಚಿಕ್ಕಪ್ಪನಿಗೆ, ಈ ಸಲದ ಸೂರ್ಯಗ್ರಹಣ ನಮ್ಮೂರಲ್ಲಿ ಅರ್ಧಂಬರ್ಧ ಕಾಣುತ್ತದೆ ಎಂದು ಗೊತ್ತಾದರೆ ಕೇಳಬೇಕೆ?

"ನಂಗೇ ಅಂತ ಬಂದೈತೆ ಕಣ್ಲಾ! ಕತ್ತರಿಸೋ ಕೆಲ್ಸ ಅವನೇ ಮುಗಿಸ್ಕಂಡು ಬತ್ತಾನೆ!"

ನಕ್ಕು ಸುಮ್ಮನಾಗುವಂತಿರಲಿಲ್ಲ. ಚಿಕ್ಕಂದಿನಲ್ಲಿ ಕೊಬ್ಬರಿ ಒಡೆಯುವಾಗ ಚಿಪ್ಪಿನ ಚೂರು ಸಿಡಿದು ಅವರ ಎಡಗಣ್ಣು ಹೋಗಿತ್ತು. ಇರುವುದು ಬಲಗಣ್ಣೊಂದೇ. ಅದನ್ನೂ ಸೂರ್ಯನಿಗೆ ಒಪ್ಪಿಸಿಬಿಟ್ಟರೆ ಏನು ಗತಿ ಎಂದು ಚಿಕ್ಕಮ್ಮನಿಗೆ ವಾರದಿಂದ ಊಟ ಸೇರುತ್ತಿರಲಿಲ್ಲ.

ಲೆನ್ಸಿಗೆ ಅಡ್ಡ ಕಟ್ಟಲು ಚಿಕ್ಕಪ್ಪ ಮೊದಲು ಹುಡುಕಿ ತೆಗೆದದ್ದು ಚಿಕ್ಕಮ್ಮನ ಮಂಡಿಯ ಎಕ್ಸ್‌ರೇ. "ನನ್ ಮಂಡೀಲಿ ಸೂರ್ಯನ್ನ ನೋಡ್ತಾರಂತೆ, ನಾಚಿಕೆ ಆಗಾಕಿಲ್ವಾ!" ಎಂದು ಚಿಕ್ಕಮ್ಮ ಅದನ್ನು ಕಿತ್ತುಕೊಂಡರು. ಕೊನೆಗೆ ಸೂರ್ಯನಿಗೆಂದೇ ಮಾಡಿದ ಕಪ್ಪು ಹಾಳೆಯನ್ನು ನಾನೇ ತರಿಸಿ ಲೆನ್ಸಿಗೆ ಅಂಟಿಸಿದೆ. ಕ್ಯಾಮೆರಾದ ಕಿಂಡಿಗೆ ಕಣ್ಣಿಡಕೂಡದು, ಹಿಂದಿನ ಪರದೆಯನ್ನಷ್ಟೇ ನೋಡಬೇಕು ಎಂದು ಆಣೆಯನ್ನೂ ಹಾಕಿಸಿದೆವು.

ಗ್ರಹಣದ ಬೆಳಿಗ್ಗೆ ನೋಡಿದರೆ ಕ್ಯಾಮೆರಾ ಸ್ಟ್ಯಾಂಡಿನ ಒಂದು ಕಾಲು ಮುರಿದಿದೆ! ಅಷ್ಟರಲ್ಲಿ ಚಿಕ್ಕಮ್ಮ ಪದ್ಧತಿಯಂತೆ ಅಂಗಳದಲ್ಲಿ ತಟ್ಟೆಗೆ ನೀರು ಹಾಕಿ ಒನಕೆ ನಿಲ್ಲಿಸಿದ್ದರು. ಒನಕೆ ನಿಂತರೆ ಗ್ರಹಣ ಹಿಡಿದಿದೆ, ಬಿದ್ದರೆ ಬಿಟ್ಟಿದೆ ಎಂಬುದು ನಮ್ಮವರ ಲೆಕ್ಕ.

"ಒನಕೆ ಯಾವತ್ತು ಬೇಕಾದ್ರೂ ನಿಲ್ಲುತ್ತೆ ಚಿಕ್ಕಮ್ಮ" ಎಂದೆ.

"ಬ್ಯಾರೆ ದಿನ ನಿಲ್ಸಿ ನೋಡಿದೋರು ಯಾರಪ್ಪ?"

ಚಿಕ್ಕಪ್ಪನಿಗೆ ಈ ವಾದವೇ ಬೇಕಿರಲಿಲ್ಲ. ತೆಂಗಿನ ನಾರಿನ ಹಗ್ಗ ತಂದು ಕ್ಯಾಮೆರಾವನ್ನು ಒನಕೆಗೇ ಬಿಗಿದರು. "ದೇವ್ರೇ ಸ್ಟ್ಯಾಂಡ್ ಕೊಟ್ಟವ್ನೆ, ಬುಡು!"

ಹತ್ತು ನಿಮಿಷ ನಿಂತಿತು. ಆಮೇಲೆ ಕ್ಯಾಮೆರಾ ಸಮೇತ ದಢಾರನೆ ಬಿತ್ತು.

"ಗ್ರಹಣ ಬಿಡ್ತು!" ಎಂದು ಕೂಗಿ ಚಿಕ್ಕಮ್ಮ ಚೊಂಬಿನಲ್ಲಿ ಸೀಗೆಪುಡಿ ಕಲಸಿಕೊಂಡು ಸ್ನಾನಕ್ಕೆ ಹೊರಟೇಬಿಟ್ಟರು! ಮೇಲೆ ಸೂರ್ಯ ಇನ್ನೂ ಕಚ್ಚಿದ ಹೋಳಿಗೆಯಂತೆಯೇ ಇದ್ದ. ಇತ್ತ ಬಿದ್ದ ರಭಸಕ್ಕೆ ಕ್ಯಾಮೆರಾದ ಪರದೆ ಒಡೆದಿತ್ತು, ಕಪ್ಪು ಹಾಳೆ ಕಿತ್ತುಬಂದಿತ್ತು. ಚಿಕ್ಕಪ್ಪ ಅದೊಂದನ್ನೂ ನೋಡದೆ ಕ್ಯಾಮೆರಾ ಬಿಚ್ಚಿಕೊಂಡು, ಆಣೆ ಮರೆತು, ಕಿಂಡಿಗೆ ಬಲಗಣ್ಣು ಇಟ್ಟು ಆಕಾಶದ ಕಡೆ ಎತ್ತತೊಡಗಿದರು.

ನಾನು ಕಿರುಚಿದೆ. ಚಿಕ್ಕಮ್ಮ ಕಿರುಚಲಿಲ್ಲ, ಇದ್ದಲ್ಲಿಂದಲೇ ಚೊಂಬಿನಲ್ಲಿದ್ದುದನ್ನೆಲ್ಲ ಅವರ ಮುಖಕ್ಕೆ ರಪ್ಪನೆ ಎರಚಿದರು.

"ಅಯ್ಯಯ್ಯೋ, ಕಣ್ಣು!" ಎಂದು ಚಿಕ್ಕಪ್ಪ ಕುಸಿದರು. ಉರಿಸಿದ್ದು ಸೂರ್ಯನೋ ಸೀಗೆಯೋ? ನೀರು ತಂದು ತೊಳೆದೆ, ಮತ್ತೆ ತೊಳೆದೆ. ಚಿಕ್ಕಮ್ಮ ಮುಂದೆ ಕೂತು ಬೆರಳು ಎತ್ತಿ ಹಿಡಿದರು.

"ಎಷ್ಟು? ಹೇಳ್ರೀ, ಎಷ್ಟು?"

ಚಿಕ್ಕಪ್ಪ ಕೆಂಪಾದ ಕಣ್ಣನ್ನು ಮೆಲ್ಲಗೆ ತೆರೆದರು.

"ಮೂರು... ನಡೂ ಬೆರಳು ಕೊಯ್ಕಂಡಿದ್ದೀಯಲ್ಲೇ? ಅರಿಶಿನ ಹಚ್ಚಿದ್ಯಾ?"

ಗ್ರಹಣ ಹಿಡಿಯುವ ಮೊದಲೇ ಅಡುಗೆ ಮುಗಿಸುವ ಆತುರದಲ್ಲಿ ಆದ ಗಾಯವಂತೆ. ಬೆಳಗಿನಿಂದ ಅವರ ಕೈಯಿಂದಲೇ ತಿಂಡಿ, ಕಾಫಿ ಎಲ್ಲ ಇಸಿದುಕೊಂಡಿದ್ದ ನನ್ನ ಎರಡು ಕಣ್ಣಿಗೂ ಅದು ಬಿದ್ದಿರಲಿಲ್ಲ.

"ಹಚ್ಚಿದೀನಿ ಕಣ್ರೀ, ಹಚ್ಚಿದೀನಿ" ಎನ್ನುತ್ತಾ ಚಿಕ್ಕಮ್ಮ ಒದ್ದೆ ಅಂಗಳದಲ್ಲೇ ಕೂತು ಜೋರಾಗಿ ಅಳತೊಡಗಿದರು.